ಲಾಂಡ್ರಿಯವರಿಗೆ ಬಾಳೆ ಹೂವು ಕಲಿಸಿದ್ದು

ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿಕೊಂಡು ಬರುವವರ ಹಾಗೆ, ಎರಡೇ ಬೆರಳಲ್ಲಿ ನಮ್ಮ ಏಪ್ರನ್‌ಗಳನ್ನು ಹಿಡಿದುಕೊಂಡು ಅವರು ನನ್ನ ಅಡುಗೆಮನೆಗೆ ನುಗ್ಗಿದರು.

"ಏನು ಕಡೀತೀರಿ ನೀವು ಇಲ್ಲಿ?"

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕಾರಿಡಾರಿನ ಈ ತುದಿಗೆ ಅಡುಗೆಮನೆ, ಆ ತುದಿಗೆ ಲಾಂಡ್ರಿ. ಇಲ್ಲಿ ನಾನು ಮುಖ್ಯ ಅಡುಗೆಯವಳು, ಅಲ್ಲಿಗೆ ಅವರು ಮೇಲ್ವಿಚಾರಕರು. ಎಷ್ಟೋ ಕಾಲದಿಂದ ನಮ್ಮ ಕೊಳೆ ಬಟ್ಟೆ ತಳ್ಳುಗಾಡಿಯಲ್ಲಿ ಹೋಗುತ್ತಿತ್ತು, ಒಗೆದದ್ದು ಅದರಲ್ಲೇ ಬರುತ್ತಿತ್ತು. ಮಾತು ಮಾತ್ರ ಹೋಗಿ ಬಂದಿರಲಿಲ್ಲ. ಅವರ ಶರ್ಟಿನ ಕಾಲರು ಗಂಜಿ ಕುಡಿದು ಸದಾ ಸೆಟೆದು ನಿಂತಿರುತ್ತಿತ್ತು. ಅದಕ್ಕೇ ಇಡೀ ಆಸ್ಪತ್ರೆ ಅವರನ್ನು ಬೆನ್ನ ಹಿಂದೆ ‘ಗಂಜಿ ಸಾಹೇಬ್ರು’ ಅನ್ನುತ್ತಿತ್ತು.

"ತರಕಾರಿ," ಅಂದೆ.

"ತರಕಾರಿಗೆ ರಕ್ತ ಬರತ್ತಾ?"

"ಆಪರೇಷನ್ ಥಿಯೇಟರ್ ಬಟ್ಟೆ ಒಗೆದೂ ಒಗೆದೂ ನಿಮಗೆ ಎಲ್ಲಾ ಕಡೆ ರಕ್ತಾನೇ ಕಾಣ್ತಿದೆ. ಕಣ್ಣಿನ ಡಾಕ್ಟರು ಮೂರನೇ ಮಹಡೀಲಿ ಇರ್ತಾರೆ, ಹೋಗಿ ತೋರಿಸ್ಕೊಳ್ಳಿ."

"ರಕ್ತ ಆಗಿದ್ರೆ ತಣ್ಣೀರಿಗೆ ಬಿಡ್ತಿತ್ತು ಮೇಡಂ. ಇದು ತಣ್ಣೀರಿಗೂ ಬಿಡಲ್ಲ, ಬಿಸಿನೀರಿಗೂ ಬಿಡಲ್ಲ. ಬ್ಲೀಚ್ ಹಾಕ್ದೆ. ಬಟ್ಟೆ ಹೋಯ್ತು, ಕಲೆ ಉಳೀತು." ಏಪ್ರನ್ನಿನ ತೂತಿನೊಳಗೆ ಬೆರಳು ತೂರಿಸಿ ತೋರಿಸಿದರು. ಬೆರಳು ಈ ಕಡೆ ಬಂದು ನನ್ನನ್ನೇ ನೋಡಿತು.

ನಗು ಬರಬೇಕಿತ್ತು. ನನಗೆ ಸಿಟ್ಟು ಬಂತು. ನನ್ನ ಒಲೆಯ ಮುಂದೆ ನಿಂತು ದನಿ ಎತ್ತುವವರು ಆವರೆಗೆ ಯಾರೂ ಇರಲಿಲ್ಲ. ಮೇಜಿನ ಕೆಳಗಿನ ಬುಟ್ಟಿಯಿಂದ ಒಂದು ಬಾಳೆ ಹೂವನ್ನು ಎತ್ತಿ ಧಡ್ ಎಂದು ಅವರ ಮುಂದೆ ಇಟ್ಟೆ. ಗೇಣುದ್ದದ್ದು, ಕೆನ್ನೇರಳೆ ಬಣ್ಣ, ಚೂಪು ತುದಿ.

"ಇವನೇ ಕೊಲೆಗಾರ. ಹಿಡ್ಕೊಂಡು ಹೋಗಿ, ಬ್ಲೀಚ್ ಹಾಕಿ."

ಅವರು ಹೂವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದು ನಮ್ಮ ಹಿತ್ತಿಲದ್ದು."

"ಆಸ್ಪತ್ರೆ ಹಿತ್ತಿಲದ್ದು."

"ಲಾಂಡ್ರಿ ಹಿಂದೆ ಇರೋದು. ಬಟ್ಟೆ ಕೊನೇ ಸಲ ಜಾಲಿಸಿದ ನೀರು ಬಿಟ್ಟು ಬೆಳೆಸಿದ್ದು ನಾನು."

"ಗೊನೆ ಕಟ್ಟಿದ ಮೇಲೆ ಹೂವು ಕೊಯ್ದು ಕಸಕ್ಕೆ ಎಸೆಯೋದೂ ನೀವೇ. ನೀವು ಎಸೆದಿದ್ದನ್ನ ನಾನು ತಂದಿದ್ದು. ಕಳ್ಳತನ ಅಂತ ಬರೀತೀರಾ?"

"ತಿಂತಾರಾ ಇದನ್ನ?"

ಆ ದನಿಯಲ್ಲಿ ಜಗಳ ಇರಲಿಲ್ಲ. ಮುಖ ಎತ್ತಿ ನೋಡಿದೆ. ಹುಬ್ಬು ಗಂಟಾಗಿತ್ತು, ಆದರೆ ಕಣ್ಣು ಹೂವಿನ ಮೇಲಿಂದ ಕದಲಿರಲಿಲ್ಲ. ಹಾಗೆ ನೋಡುವ ಗಂಡಸರನ್ನು ನಾನು ಹೆಚ್ಚು ಕಂಡಿಲ್ಲ. ಹೆಚ್ಚಿನವರು ತಟ್ಟೆಗೆ ಬಂದ ಮೇಲೆ ನೋಡುತ್ತಾರೆ.

"ನಿಂತು ನೋಡೋದಾದ್ರೆ ಕೂತು ಬಿಡಿಸಿ," ಅಂದೆ. "ಕೈ ಕಟ್ಕೊಂಡು ನಿಲ್ಲೋರಿಗೆ ಇಲ್ಲಿ ಜಾಗ ಇಲ್ಲ."

ಹೋಗುತ್ತಾರೆ ಅಂದುಕೊಂಡಿದ್ದೆ. ಅವರು ಸ್ಟೂಲು ಎಳೆದುಕೊಂಡು ಕೂತರು.

ಮಧ್ಯಾಹ್ನದ ಊಟ ಮುಗಿದು, ಸಂಜೆಯ ಅಡುಗೆಗೆ ಒಲೆ ಹತ್ತಿಸುವುದಕ್ಕೆ ಮುಂಚಿನ ಹೊತ್ತು ಅದು. ಪಾತ್ರೆಗಳೆಲ್ಲ ಕವುಚಿ ಬಿದ್ದಿರುತ್ತವೆ. ಮೇಲಿನ ಸಣ್ಣ ಕಿಟಕಿಯಿಂದ ಬಿಸಿಲು ಓರೆಯಾಗಿ ಮೇಜಿನ ಮೇಲೆ ಬೀಳುತ್ತದೆ. ಆ ಬಿಸಿಲಲ್ಲಿ ಅವರು ಶರ್ಟಿನ ತೋಳನ್ನು ಮಡಚಿದರು. ಒಂದು ಮಡಿಕೆ, ಅದರ ಮೇಲೆ ಇನ್ನೊಂದು, ಅಂಚಿಗೆ ಅಂಚು ಕೂಡಿಸಿ. ನಾನು ಸುಮ್ಮನೆ ನೋಡುತ್ತಿದ್ದೆ. ನೋಡಬಾರದಾಗಿತ್ತು.

"ಕೈ ಕೊಡಿ," ಅಂದೆ. ಕೊಟ್ಟರು. ಅಂಗೈಗೆ ಎಣ್ಣೆ ಸುರಿದೆ. "ಬೆರಳ ಸಂದಿಗೂ ಹಚ್ಕೊಳ್ಳಿ. ಎಣ್ಣೆ ಇಲ್ದೆ ಮುಟ್ಟಿದ್ರೆ ಸೊನೆ ಅಂಟಿ, ಮನೇಲಿ ‘ಯಾರ್ನ ಕೊಂದು ಬಂದೆ’ ಅಂತಾರೆ."

"ಮನೇಲಿ ಕೇಳೋರು ಯಾರೂ ಇಲ್ಲ."

ಅದನ್ನು ಅವರು ಅಳುಕಿಲ್ಲದೆ ಹೇಳಿದರು, ನಾಳೆ ನೀರು ಬರುವುದಿಲ್ಲ ಎನ್ನುವಷ್ಟು ಸಲೀಸಾಗಿ. ನಾನು ಮಾತು ಬದಲಿಸಿ ಹೂವಿನ ಮೊದಲ ಎಸಳು ಕಿತ್ತೆ.

ಬಾಳೆ ಹೂವು ಕಷ್ಟದ ತರಕಾರಿ ಅನ್ನುತ್ತಾರೆ. ಸುಳ್ಳು. ನಿಧಾನದ ತರಕಾರಿ, ಅಷ್ಟೆ. ಹೊರಗಿನ ದಪ್ಪ ಎಸಳು ಎತ್ತಿದರೆ ಅದರ ಬುಡದಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಸಣ್ಣ ಹೂಗಳು ಸಾಲಾಗಿ ಕೂತಿರುತ್ತವೆ. ಒಂದೊಂದು ಹೂವಿನೊಳಗೂ ಒಂದು ಗಟ್ಟಿ ಕಡ್ಡಿ, ತುದಿಗೆ ಬೆಂಕಿಕಡ್ಡಿಯಂಥ ತಲೆ. ಪಕ್ಕದಲ್ಲೇ ಒಂದು ತೆಳ್ಳಗಿನ ಪೊರೆ, ಪ್ಲಾಸ್ಟಿಕ್ಕಿನ ಹಾಗೆ. ಇವೆರಡನ್ನೂ ಕಿತ್ತು ಎಸೆಯಬೇಕು. ಎಷ್ಟು ಬೇಯಿಸಿದರೂ ಇವು ಬೇಯುವುದಿಲ್ಲ, ಹಲ್ಲಿಗೆ ಸಿಕ್ಕಿಕೊಳ್ಳುತ್ತವೆ. ಉಳಿದದ್ದನ್ನು ಹೆಚ್ಚಿದ ಕೂಡಲೇ ಉಪ್ಪು, ನಿಂಬೆರಸ ಹಾಕಿದ ನೀರಿಗೆ ಬಿಡಬೇಕು. ತೆಳು ಮಜ್ಜಿಗೆ ಇದ್ದರೆ ಇನ್ನೂ ಒಳ್ಳೆಯದು. ಹುಳಿ ಹಿಡಿದರೆ ಕಪ್ಪಾಗುವುದಿಲ್ಲ.

"ಪ್ರತಿ ಹೂವಿಂದೂ ಹೀಗೆ ಕೀಳ್ಬೇಕಾ?"

"ಪ್ರತಿಯೊಂದೂ."

"ಅದಕ್ಕೇ ಯಾರೂ ತಿನ್ನಲ್ಲ."

"ತಿನ್ನೋರು ಇದ್ದಾರೆ. ಬಿಡಿಸೋರು ಇಲ್ಲ. ಎರಡೂ ಬೇರೆ."

ಅವರು ನಕ್ಕರು. ಕಾಲರು ಅಲುಗಾಡಲಿಲ್ಲ, ಕಣ್ಣ ಸುತ್ತ ಮಾತ್ರ ಗೆರೆ ಎದ್ದವು. ಆಮೇಲೆ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಒಂದು ಹೂವನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಟ್ಟೆಯಿಂದ ಎದ್ದ ನೂಲನ್ನು ಎಳೆಯುವ ಹಾಗೆ, ಮುರಿಯದಂತೆ, ಕಡ್ಡಿಯನ್ನು ಎಳೆದು ತೆಗೆದು ನನಗೆ ತೋರಿಸಿದರು. ಅಷ್ಟು ಹೆಮ್ಮೆಯಿಂದ ಸರ್ಜನ್ನೂ ತೋರಿಸಲಾರ.

"ಒಂದಾಯ್ತು," ಅಂದೆ. "ಬುಟ್ಟಿ ತುಂಬ ಇದೆ."

ಅವತ್ತು ಮೊದಲ ಬಗೆ ಮಾಡಿ ಕೊಟ್ಟೆ. ನೀರಿನಿಂದ ಹಿಂಡಿ ತೆಗೆದ ಚೂರನ್ನು ಅರಿಸಿನ ಹಾಕಿ ಬೇಯಿಸಿ, ಮತ್ತೆ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ ಜೊತೆ ಬಾಣಲೆಯಲ್ಲಿ ಹುರಿದ ಪಲ್ಯ. ಅವರು ನಿಂತುಕೊಂಡೇ ತಿಂದರು.

"ಸ್ವಲ್ಪ ಒಗರಿದೆ."

"ಇರ್ಬೇಕು. ಒಗರೆಲ್ಲಾ ತೆಗೆದ್ರೆ ಅದು ಹೂವಲ್ಲ, ನೆನೆಸಿದ ಕಾಗದ."

ಅವರು ತಟ್ಟೆಯಿಂದ ಕಣ್ಣೆತ್ತಿ ನನ್ನನ್ನು ನೋಡಿದರು. ಹೂವಿನ ಮೇಲಿಟ್ಟಿದ್ದ ಅದೇ ನೋಟ. ನಾನು ತಿರುಗಿ ಒಲೆ ಒರೆಸಲು ಶುರು ಮಾಡಿದೆ. ಒಲೆ ಆಗಲೇ ಒರೆಸಿಯಾಗಿತ್ತು.

ಆಮೇಲೆ ಮಂಗಳವಾರ ಬಂದರೆ, ಹಿತ್ತಿಲಲ್ಲಿ ಹೂವು ಕೊಯ್ದರೆ, ಬುಟ್ಟಿ ಹೊತ್ತು ಅವರೇ ಬರತೊಡಗಿದರು. ನನ್ನ ಸಹಾಯಕಿಗೆ ಐವತ್ತು ದಾಟಿದೆ, ಬಾಯಿಗೆ ಬ್ರೇಕಿಲ್ಲ, ನಾವೆಲ್ಲ ಅವಳನ್ನು ‘ಚಟಪಟಿ’ ಅನ್ನುತ್ತೇವೆ. ಅವಳು ಸುಮ್ಮನಿರುವವಳೇ?

"ಅಕ್ಕಾ, ಮೊದ್ಲೆಲ್ಲಾ ಈ ಹೂವು ಬಿಡಿಸೋಕೆ ನನ್ನ ಕೂರಿಸ್ತಿದ್ರಿ. ಈಗ ನನ್ನ ಕೈ ರುಚಿ ಇಲ್ವಾ?"

"ನಿನ್ನ ಬಾಯಿ ರುಚಿ ಇಲ್ಲ. ಹೋಗಿ ಪಾತ್ರೆ ತೊಳಿ."

"ತೊಳೀತೀನಪ್ಪ. ನಮ್ಮ ಪಾತ್ರೆ ನಾವು ತೊಳ್ಕೊಬೇಕು. ಎಲ್ರಿಗೂ ಲಾಂಡ್ರಿ ಸಿಗತ್ತಾ?"

ಎರಡನೆಯ ಬಗೆ ಕಟ್ಲೆಟ್. ಬೆಂದ ಹೂವಿಗೆ ಬೇಯಿಸಿದ ಆಲೂಗೆಡ್ಡೆ, ಶುಂಠಿ, ಉಪ್ಪು, ಒಂದಿಷ್ಟು ಬ್ರೆಡ್ಡಿನ ಪುಡಿ ಕಲಸಿ ತಟ್ಟಿ ಕಾವಲಿಯ ಮೇಲೆ ಎರಡೂ ಮಗ್ಗುಲು ಕೆಂಪಗೆ ಮಾಡುವುದು. ಅವರು ತಟ್ಟಿದ ಕಟ್ಲೆಟ್‌ಗಳೆಲ್ಲ ಒಂದೇ ಅಳತೆ, ಅಂಚು ಕತ್ತರಿಸಿದ ಹಾಗೆ. "ಇಸ್ತ್ರಿ ಮಾಡಿದ್ರಾ?" ಅಂತ ಕೇಳಿದೆ. "ಒಂದು ಬಿಟ್ಟು ಎಲ್ಲ ಮಾಡ್ದೆ," ಅಂದರು. ನೋಡಿದರೆ ಒಂದು ಕಟ್ಲೆಟ್ ವಕ್ರವಕ್ರವಾಗಿತ್ತು. "ಅದು ನಿಮ್ಮ ಥರ. ಯಾರ ಮಾತೂ ಕೇಳಲ್ಲ." ಆ ಕಟ್ಲೆಟ್ಟನ್ನು ಅವರೇ ತಿಂದರು, ನನಗೆ ಕೊಡಲಿಲ್ಲ.

ಮೂರನೆಯದಕ್ಕೆ ಒಲೆಯೇ ಬೇಡ. ಎಸಳೆಲ್ಲ ಕಿತ್ತ ಮೇಲೆ ಒಳಗೆ ಬಿಳಿ ತಿರುಳು ಉಳಿಯುತ್ತದೆ, ದಂತದ ಹಾಗೆ. ಅದರಲ್ಲಿ ಕಡ್ಡಿ ಇನ್ನೂ ಬಲಿತಿರುವುದಿಲ್ಲ. ತೆಳ್ಳಗೆ ಹೆಚ್ಚಿ, ನಿಂಬೆ ನೀರಿಗೆ ಹಾಕಿ ತೆಗೆದು, ಉಪ್ಪು, ಮೆಣಸು, ಹುರಿದ ಕಡಲೆಬೀಜ ಉದುರಿಸಿದರೆ ಮುಗಿಯಿತು. ಅದನ್ನು ತಿನ್ನುವಾಗ ಅವರು ತಮ್ಮ ಹೆಂಡತಿಯ ಮಾತು ತೆಗೆದರು.

"ಬಿಟ್ಟು ಹೋದ್ಲು. ಅವಳ ತಪ್ಪಲ್ಲ. ಮುಖಕ್ಕೆ ಮುಂಚೆ ಕಾಲರ್ ನೋಡ್ತೀನಂತೆ ನಾನು. ಈಗ ಬೇರೆ ಊರಲ್ಲಿ ಚೆನ್ನಾಗಿದ್ದಾಳೆ."

"ನಿಜಾನಾ? ಕಾಲರ್ ನೋಡ್ತಿದ್ರಾ?"

"ನೋಡ್ತಿದ್ದೆ."

"ಈಗ?"

"ನಿಮ್ಮ ಬಟ್ಟೆಗೆ ಕಾಲರ್ ಎಲ್ಲಿದೆ? ಮುಖ ನೋಡದೆ ವಿಧಿ ಇಲ್ಲ."

ನನ್ನ ಕಿವಿ ಬಿಸಿಯಾಯಿತು. ಈ ವಯಸ್ಸಲ್ಲಿ ಕಿವಿ ಬಿಸಿಯಾಗುವುದೆಂದರೆ ಜ್ವರ ಇರಬೇಕು, ಇಲ್ಲ ಒಲೆಯ ಹತ್ತಿರ ನಿಂತಿರಬೇಕು. ಒಲೆ ಆರಿತ್ತು.

ಇನ್ನೊಂದು ಮಂಗಳವಾರ ಕಪ್ಪು ಬಟ್ಟೆಯ ಏಪ್ರನ್ ಹೊಲಿಸಿ ತಂದರು. ಅಂಚಿಗೆ ಗಂಜಿ ಹಾಕಿ ಮಡಚಿದ್ದು. "ಕಲೆ ತೆಗೆಯೋಕೆ ಆಗ್ಲಿಲ್ಲ. ಸೋತೆ. ಅದಕ್ಕೇ ಬಟ್ಟೇನೇ ಕಪ್ಪು ಮಾಡ್ದೆ," ಅಂದರು. ಕೊರಳಿನ ದಾರ ನಾನೇ ಕಟ್ಟಿಕೊಂಡೆ. ಸೊಂಟದ ದಾರ ಕಟ್ಟುವಾಗ ಕೈಗೆ ಎಣ್ಣೆ ಇತ್ತು, ಜಾರುತ್ತಿತ್ತು. ಅವರು ಹಿಂದೆ ಬಂದು ಕಟ್ಟಿದರು. ಗಂಟು ಹಾಕಲು ಬೇಕಾದ್ದಕ್ಕಿಂತ ಒಂದು ಉಸಿರು ಹೆಚ್ಚು ಹೊತ್ತು ಆ ಬೆರಳುಗಳು ಅಲ್ಲೇ ನಿಂತವು. ಚಟಪಟಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ನನಗೆ ಕೇಳಿಸಿತು.

ಅವತ್ತೇ ಕೇಳಿದರು. ಕೈಯಲ್ಲಿ ಅರ್ಧ ಬಿಡಿಸಿದ ಹೂವಿತ್ತು.

"ನಮ್ಮ ಮನೆಗೆ ಬರ್ತೀರಾ? ಇರೋಕೆ. ಮದುವೆ ಮಾಡ್ಕೊಂಡೇ."

ನನ್ನ ಒಳಗೆ ಏನೋ ಅರಳಿತು. ಅದಕ್ಕಿಂತ ಬೇಗ ಇನ್ನೇನೋ ಹೆಡೆ ಎತ್ತಿತು.

ಮೊದಲ ಮದುವೆಗೆ ನನ್ನನ್ನು ನೋಡಲು ಬಂದಿದ್ದ ಅತ್ತೆ ಮೊದಲು ನನ್ನ ಮುಖ ನೋಡಲಿಲ್ಲ, ನಾನು ಮಾಡಿದ ಸಾರು ಕುಡಿದು ನೋಡಿದರು. ಗಂಡ ಸತ್ತ ಮೇಲೆ ಅಣ್ಣ ಮನೆಗೆ ಕರೆದುಕೊಂಡ. ಒಳ್ಳೆಯ ಮನಸ್ಸೇ, ಇಲ್ಲ ಅನ್ನುವುದಿಲ್ಲ. ಆದರೆ ಕರೆದದ್ದು ಅವರ ಅಡುಗೆಯವಳು ಕೆಲಸ ಬಿಟ್ಟ ವಾರ. ಅವತ್ತಿನಿಂದ ಬೆಳಿಗ್ಗೆ ಆ ಮನೆಯ ಒಲೆ, ಹಗಲು ಆಸ್ಪತ್ರೆಯ ಒಲೆ, ರಾತ್ರಿ ಮತ್ತೆ ಆ ಮನೆಯ ಒಲೆ. ನಾನು ಜ್ವರ ಬಂದು ಮಲಗಿದ್ದಾಗ ಅತ್ತಿಗೆ ಬಾಗಿಲಲ್ಲಿ ನಿಂತು ಕೇಳಿದ್ದು ಹೇಗಿದ್ದೀಯಾ ಅಂತ ಅಲ್ಲ, ಉಪ್ಪಿನ ಡಬ್ಬಿ ಎಲ್ಲಿದೆ ಅಂತ.

"ಅಡುಗೆಗೆ ಜನ ಬೇಕಿತ್ತಾ?" ಅಂದೆ.

"ಏನು?"

"ಮನೇಲಿ ಒಬ್ರೇ ಇದ್ದೀರ. ಹೋಟೆಲ್ ಊಟ ಬೇಜಾರಾಗಿದೆ. ಇಲ್ಲಿ ಬಗೆಬಗೆ ತಿಂದ್ರಿ, ರುಚಿ ಹತ್ತಿತು. ಒಂದು ಮಾತು ಕೇಳ್ತೀನಿ, ನಿಜ ಹೇಳಿ. ನನಗೆ ಅಡುಗೆ ಬರದೇ ಇದ್ದಿದ್ರೆ ನನ್ನ ಕೇಳ್ತಿದ್ರಾ?"

ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಛೆ ಛೆ ಅನ್ನುತ್ತಿದ್ದರು. ಅವರು ಯೋಚಿಸಿದರು. ಹಾಳಾದ ಮನುಷ್ಯ, ನಿಜವಾಗಿಯೂ ಯೋಚಿಸಿದರು.

"ಗೊತ್ತಿಲ್ಲ," ಅಂದರು. "ನೀವು ಅಡುಗೆಯವರು ಆಗದಿದ್ರೆ ಏಪ್ರನ್ ಕಲೆ ಆಗ್ತಿರ್ಲಿಲ್ಲ. ನಾನು ಈ ಬಾಗಿಲಿಗೆ ಬರ್ತಾನೇ ಇರ್ಲಿಲ್ಲ."

"ಹಾಗಾದ್ರೆ ಎದ್ದು ಹೋಗಿ."

"ಇದು ಅರ್ಧ ಆಗಿದೆ."

"ಅರ್ಧಾನೇ ಇಟ್ಟು ಹೋಗಿ!"

ಹೋದರು. ಮುಂದಿನ ಮಂಗಳವಾರ ಬುಟ್ಟಿ ತಳ್ಳುಗಾಡಿಯಲ್ಲಿ ಬಂತು. ಹೂವುಗಳನ್ನು ಒಂದೇ ದಿಕ್ಕಿಗೆ ತುದಿ ಮಾಡಿ ಜೋಡಿಸಲಾಗಿತ್ತು. ನಾನೂ ಚಟಪಟಿಯೂ ಬಿಡಿಸಲು ಕೂತೆವು. ಬಾಯಿಗೆ ಬ್ರೇಕಿಲ್ಲದವಳು ಮಾತೇ ಆಡಲಿಲ್ಲ. ಅವಳ ಮೌನ ಅವಳ ಮಾತಿಗಿಂತ ಹೆಚ್ಚು ಕಿವಿ ಕಿತ್ತು ತಿನ್ನುತ್ತದೆ ಅಂತ ಅವತ್ತು ಗೊತ್ತಾಯಿತು.

ಇಷ್ಟರಲ್ಲಿ ಸುದ್ದಿ ಅಣ್ಣನ ಮನೆ ಮುಟ್ಟಿತ್ತು. ಬಿಲ್ಲಿಂಗ್ ಕೌಂಟರಿನಲ್ಲಿ ಕೂರುವ ಹುಡುಗಿ ಅತ್ತಿಗೆಯ ಗೆಳತಿಯ ಮಗಳು. ನಾನು ಊಟ ಬಡಿಸುತ್ತಿದ್ದೆ, ಅಣ್ಣ ತಟ್ಟೆ ನೋಡಿಕೊಂಡೇ ಕೇಳಿದ.

"ಯಾರೋ ಬಟ್ಟೆ ಒಗೆಯೋನಂತೆ?"

"ಲಾಂಡ್ರಿ ಮೇಲ್ವಿಚಾರಕರು."

"ಹುಣಸೆ ಮರ ಮುಪ್ಪಾದ್ರೂ ಹುಳಿ ಮುಪ್ಪಾಗಲ್ವಂತೆ," ಅಂದಳು ಅತ್ತಿಗೆ ಗೋಡೆಗೆ ಹೇಳುವಂತೆ.

"ಹುಳಿ ಬೇಕಿದ್ರೆ ಹಾಕ್ಕೊಳ್ಳಿ ಅತ್ತಿಗೆ, ಸಾರಲ್ಲಿ ಇನ್ನೂ ಇದೆ," ಅಂದೆ.

ಅಣ್ಣ ಮಗಳ ಕಡೆ ನೋಡಿದ, ಕಿಟಕಿಯ ಕಡೆ ನೋಡಿದ. "ನೋಡು, ನಾಳೆ ಇವಳಿಗೆ ಗಂಡು ನೋಡ್ಬೇಕು. ಅತ್ತೆ ಈ ವಯಸ್ಸಲ್ಲಿ ಹಿಂಗೆ ಅಂದ್ರೆ ಜನ ಏನಂತಾರೆ? ಭಾನುವಾರ ಅವನನ್ನ ಕರೆಸು. ಮುಖಕ್ಕೆ ಮುಖ ಕೊಟ್ಟು ಹೇಳಿ ಮುಗಿಸ್ತೀನಿ."

"ನನಗೆ ಅತ್ತೆ ಏನು ಮಾಡಿದ್ರೂ ಪರವಾಗಿಲ್ಲ," ಅಂದಳು ಅಣ್ಣನ ಮಗಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಮಾರನೆಯ ದಿನ ನಾನೇ ಕಾರಿಡಾರಿನ ಆ ತುದಿಗೆ ಹೋದೆ. ಮೊದಲ ಸಲ. ಯಂತ್ರಗಳು ಗಿರಗಿರ ತಿರುಗುತ್ತಿದ್ದವು, ಉಗಿ ತುಂಬಿತ್ತು. ಬಿಳಿ ಹಾಸಿಗೆಬಟ್ಟೆಗಳ ಸಾಲಿನ ನಡುವೆ ಅವರು ನಿಂತಿದ್ದರು. ಕಾಲರು ಮೊದಲಿನ ಹಾಗೆ ನಿಂತಿರಲಿಲ್ಲ, ಒಂದು ಮಗ್ಗುಲಿಗೆ ಬಿದ್ದಿತ್ತು. ಅದನ್ನು ನೆಟ್ಟಗೆ ಮಾಡಲು ಎತ್ತಿದ ಕೈಯನ್ನು ಅರ್ಧಕ್ಕೇ ಇಳಿಸಿದೆ. ಸಿಟ್ಟು ಬರಲಿ ಅಂತ ದನಿ ಏರಿಸಿದೆ.

"ನಾನು ಹ್ಞೂಂ ಅಂದಿಲ್ಲ, ಸರಿಯಾಗಿ ಕೇಳಿಸ್ಕೊಳ್ಳಿ. ನಮ್ಮಣ್ಣ ಭಾನುವಾರ ನಿಮ್ಮನ್ನ ಕರೀತಿದ್ದಾನೆ. ಬೇಡ ಅನ್ನೋಕೆ. ಅವನು ಬೇಡ ಅಂದ್ರೆ ನನಗೆ ಹಟಕ್ಕಾದ್ರೂ ಹ್ಞೂಂ ಅನ್ನೋಣ ಅನಿಸತ್ತೆ. ಹಟಕ್ಕೆ ಮದುವೆ ಆಗೋಕೆ ನನಗಿಷ್ಟ ಇಲ್ಲ. ಅದಕ್ಕೆ ಬರ್ಬೇಡಿ."

"ಬರ್ತೀನಿ," ಅಂದರು.

"ಕಿವಿ ಕೇಳಲ್ವಾ? ಯಂತ್ರದ ಸದ್ದಾ?"

"ಕೇಳ್ತು. ಬರ್ತೀನಿ. ಅವತ್ತು ನೀವು ಅಡುಗೆ ಮಾಡ್ಬೇಡಿ."

"ನಾನು ಮಾಡ್ದಿದ್ರೆ ಆ ಮನೇಲಿ ಒಲೆ ಹತ್ತಲ್ಲ."

"ಹತ್ತೋದು ಬೇಡ."

ಭಾನುವಾರ ನಾನು ಒಲೆ ಹತ್ತಿಸಲಿಲ್ಲ. ಊಟದ ಮೇಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಆ ಕುರ್ಚಿಯಿಂದ ಆ ಮನೆ ಹೇಗೆ ಕಾಣುತ್ತದೆ ಅಂತ ನನಗೆ ಆವರೆಗೆ ಗೊತ್ತಿರಲಿಲ್ಲ. ಕಿಟಕಿಯಿಂದ ಎದುರು ಕಟ್ಟಡದ ಬಾಲ್ಕನಿಗಳು, ಒಣಹಾಕಿದ ಬಟ್ಟೆ, ಆಕಾಶದ ಒಂದು ತುಂಡು. ಅತ್ತಿಗೆ ಎರಡು ಸಲ ಬಂದು ನನ್ನನ್ನೂ, ಆರಿದ ಒಲೆಯನ್ನೂ ನೋಡಿ ಹೋದಳು. ಮೂರನೆಯ ಸಲ ಬ್ರೆಡ್ಡು ತರಿಸಿದಳು.

ಊಟದ ಹೊತ್ತಿಗೆ ಅವರು ಬಂದರು. ಕೈಯಲ್ಲಿ ಒಂದು ಪಾತ್ರೆ, ಬಿಳಿ ಬಟ್ಟೆಯಲ್ಲಿ ಕಟ್ಟಿದ್ದು. ನಾಲ್ಕೂ ಗಂಟು ಒಂದೇ ಅಳತೆ. ಅಣ್ಣ ಕೂರಲು ಹೇಳುವ ಮೊದಲೇ ಪಾತ್ರೆಯನ್ನು ಮೇಜಿನ ಮೇಲೆ ಇಟ್ಟು ಬಟ್ಟೆ ಬಿಚ್ಚಿ ಮುಚ್ಚಳ ತೆಗೆದರು.

ಕಪ್ಪಗಿತ್ತು. ಸುಮ್ಮನೆ ಕಪ್ಪಲ್ಲ. ಅಮಾವಾಸ್ಯೆಯನ್ನು ಪಾತ್ರೆಗೆ ತುಂಬಿ ತಂದ ಹಾಗೆ.

"ಏನಿದು?" ಅಂದ ಅಣ್ಣ.

"ಬಾಳೆ ಹೂವಿನ ಪಲ್ಯ."

"ಸುಟ್ಟೋಯ್ತಾ?" ಅತ್ತಿಗೆ ಮೂಗು ಮುಚ್ಚಿಕೊಂಡಳು.

"ಇಲ್ಲ. ಹೀಗೇ ಆಯ್ತು. ಯಾಕೆ ಅಂತ ಗೊತ್ತಾಗ್ಲಿಲ್ಲ."

ನಾನು ಬಗ್ಗಿ ಮೂಸಿ ನೋಡಿದೆ. "ಏನು ಹಾಕಿದ್ರಿ?"

"ನೀವು ಹೇಳಿದ್ದೆಲ್ಲಾ. ಆದ್ರೆ ನಿಂಬೆರಸ ಸಾಲದು ಅನಿಸ್ತು. ಮೊದಲ ಸಲ ಬರ್ತಿದ್ದೀನಿ, ಇವರಿಗೆ ಒಗರು ಹತ್ತಬಾರ್ದು ಅಂತ..." ಕಾಲರಿನೊಳಗೆ ಬೆರಳು ಹಾಕಿ ಸಡಿಲಿಸಿಕೊಂಡರು. "ಅಡುಗೆ ಸೋಡಾ ಹಾಕಿ ನೆನೆಸಿದೆ. ಕಲೆಗೆ ಸೋಡಾ ಹಾಕೋದು ನಮ್ಮ ಅಭ್ಯಾಸ."

ಹುಳಿಗೆ ಬೆಳ್ಳಗಿರುವ ಹೂವು ಸೋಡಾಕ್ಕೆ ಕಪ್ಪಾಗದೆ ಇನ್ನೇನಾಗುತ್ತದೆ? ನಾನು ಹಣೆ ಹಿಡಿದುಕೊಂಡೆ.

ಅಣ್ಣ ಮೇಜು ತಟ್ಟಿ ನಕ್ಕ. "ಲಾಂಡ್ರಿ ಬುದ್ಧಿ ಅಂದ್ರೆ ಇದೇ! ಪಲ್ಯನೂ ಒಗೆದು ತಂದಿದ್ದಾನೆ!" ಆಮೇಲೆ ನನ್ನ ಕಡೆ ತಿರುಗಿದ. "ನೋಡಿದ್ಯಾ? ಇಲ್ಲಿ ನಿನಗೆ ಏನು ಕಡಿಮೆ ಆಗಿದೆ? ಅಲ್ಲಿಗೆ ಹೋದ್ರೂ ಬೇಯಿಸಿ ಹಾಕೋಳು ನೀನೇ. ಇವನಿಗೆ ಬೇಕಿರೋದು ಹೆಂಡತಿ ಅಲ್ಲಮ್ಮ, ಅಡುಗೆಯವಳು."

ನನ್ನ ಮಾತನ್ನೇ ಅಣ್ಣನ ಬಾಯಲ್ಲಿ ಕೇಳಿದರೆ ಎಷ್ಟು ಕೊಳಕಾಗಿ ಕೇಳಿಸಿತು!

ಅವರು ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ನಿಂತೇ ಇದ್ದರು, ಅಣ್ಣನಿಗಲ್ಲ, ನನಗೆ ಹೇಳಿದರು.

"ಅಡುಗೆ ಬರದಿದ್ರೆ ಕೇಳ್ತಿದ್ರಾ ಅಂತ ಕೇಳಿದ್ರಿ. ಗೊತ್ತಿಲ್ಲ ಅಂದೆ. ಗೊತ್ತಿರ್ಲಿಲ್ಲ, ಅದಕ್ಕೆ. ಆಮೇಲೆ ನೀವು ಮಾಡಿದ್ದು ಏನೂ ತಿನ್ನದೆ ಇದ್ದು ನೋಡ್ದೆ. ಊಟ ನೆನಪಾಗ್ಲಿಲ್ಲ ಅಂದ್ರೆ ಸುಳ್ಳಾಗತ್ತೆ. ನೆನಪಾಯ್ತು. ಆದ್ರೆ ಬೈಗುಳ ಜಾಸ್ತಿ ನೆನಪಾಯ್ತು."

ಅಣ್ಣನ ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು.

"ಮನೇಲಿ ಒಬ್ಬನೇ ಹೂವು ಬಿಡಿಸ್ದೆ. ಎದುರಿಗೆ ಕೂತ್ಕೊಂಡು ‘ಒಂದಾಯ್ತು, ಬುಟ್ಟಿ ತುಂಬ ಇದೆ’ ಅನ್ನೋರು ಯಾರೂ ಇರ್ಲಿಲ್ಲ. ನಮ್ಮ ಮನೇಲಿ ನೀವು ಒಲೆ ಮುಟ್ಟಬೇಕಾಗಿಲ್ಲ. ನಾನು ಮಾಡ್ತೀನಿ. ಈ ಥರಾನೇ ಇರತ್ತೆ. ಇನ್ನೂ ಎರಡು ಸಲ ಮಾಡಿದ್ದೆ, ಅದರಲ್ಲೆಲ್ಲಾ ಇದೇ ಚೆನ್ನಾಗಿರೋದು. ಅದನ್ನ ನೋಡಿಯೇ ನೀವು ತೀರ್ಮಾನ ಮಾಡ್ಲಿ ಅಂತ ತಂದೆ."

ಇಷ್ಟು ಹೇಳಿ ಅವರು ಪಾತ್ರೆಯ ಮುಚ್ಚಳ ಹಾಕಲು ಹೋದರು. ನಾನು ಆ ಕೈ ಹಿಡಿದು ನಿಲ್ಲಿಸಿದೆ. ಇನ್ನೊಂದು ಕೈಯಲ್ಲಿ ತಟ್ಟೆ ಎಳೆದುಕೊಂಡು ಬಡಿಸಿಕೊಂಡೆ. ಬ್ರೆಡ್ಡಿನ ಜೊತೆ ಬಾಯಿಗಿಟ್ಟೆ.

ರುಚಿ ಹೇಗಿತ್ತು ಅಂತ ಕೇಳಬೇಡಿ. ಕೇಳಿದರೆ ಹೇಳುತ್ತೇನೆ: ಸೋಪಿನ ನೀರಲ್ಲಿ ಬಿದ್ದ ಸ್ಪಂಜು. ಹಲ್ಲಿಗೆ ಕಡ್ಡಿ ಸಿಕ್ಕಿತು. ಒಂದನ್ನು ತೆಗೆದು ತಟ್ಟೆಯ ಅಂಚಿಗೆ ಇಟ್ಟೆ. ಇನ್ನೊಂದು ಸಿಕ್ಕಿತು, ಅದರ ಪಕ್ಕ ಇಟ್ಟೆ.

"ಕಡ್ಡಿ ಸರಿಯಾಗಿ ತೆಗೆದಿಲ್ಲ," ಅಂದೆ.

"ಕನ್ನಡಕ ಮಂಜಾಗಿತ್ತು."

"ಉಪ್ಪು ಕಮ್ಮಿ."

"ಹಾಕೋಕೆ ಭಯ ಆಯ್ತು."

"ಚೆನ್ನಾಗಿಲ್ಲ," ಅಂದೆ. ಮತ್ತೆ ಬಡಿಸಿಕೊಂಡೆ. ಬುದ್ಧಿ ಬಂದಾಗಿನಿಂದ ನಾನು ತಿಂದ ಅನ್ನವೆಲ್ಲ ನಾನೇ ಬೇಯಿಸಿದ್ದು. ನನಗೋಸ್ಕರ ಒಬ್ಬ ಮನುಷ್ಯ ಕನ್ನಡಕ ಮಂಜಾಗುವವರೆಗೆ ಒಲೆಯ ಮುಂದೆ ನಿಂತಿದ್ದ. ಅದು ಸೋಡಾ ಕುಡಿದಿರಲಿ, ವಿಷವೇ ಕುಡಿದಿರಲಿ, ನಾನು ತಟ್ಟೆಯಲ್ಲಿ ಬಿಡುವವಳಲ್ಲ. ಕಣ್ಣು ತುಂಬಿತು. ಅತ್ತಿಗೆ ಅದು ಪಲ್ಯದ ದೆಸೆಯಿಂದ ಅಂದುಕೊಂಡು ನೀರು ತಂದು ಕೊಟ್ಟಳು.

"ನಿನಗೆ ತಲೆ ಕೆಟ್ಟಿದೆ," ಅಂದ ಅಣ್ಣ.

"ಇರ್ಬಹುದು. ಇವರನ್ನ ಮದುವೆ ಆಗ್ತೀನಿ. ರಿಜಿಸ್ಟರ್ ಆಫೀಸಲ್ಲಿ. ನೀನು ಬಂದ್ರೆ ಸಂತೋಷ, ಬರ್ದಿದ್ರೆ ಚಟಪಟಿ ಬಂದು ಸಾಕ್ಷಿ ಹಾಕ್ತಾಳೆ."

"ಜನ ಏನಂತಾರೆ ಅಂತ ಯೋಚ್ನೆ ಮಾಡಿದ್ಯಾ?"

"ಇಷ್ಟು ವರ್ಷ ಬೇಯಿಸಿ ಹಾಕಿದಾಗ ಜನ ಏನಾದ್ರೂ ಅಂದ್ರಾ? ಇಲ್ಲ. ಇನ್ಮೇಲೆ ಅನ್ಲಿ. ಬಾಯಿ ಇರೋದೇ ಅದಕ್ಕೆ."

"ಮತ್ತೆ ರಾತ್ರಿ ಊಟಕ್ಕೆ ಏನು ಮಾಡೋದು ನಾವು?"

ಅದು ಅಣ್ಣನ ಬಾಯಿಂದ ಜಾರಿ ಬಿತ್ತು. ಬಿದ್ದ ಮೇಲೆ ಮೇಜಿನ ಮೇಲೆ ಎಲ್ಲರ ಕಣ್ಣಿಗೂ ಕಾಣುವ ಹಾಗೆ ಕೂತಿತು. ಅವನೇ ಅದನ್ನು ನೋಡಿ ತಲೆ ತಗ್ಗಿಸಿದ. ಅಣ್ಣ ಕೆಟ್ಟವನಲ್ಲ. ಹಸಿವಾದಾಗ ತಟ್ಟೆ ಬರುತ್ತಿತ್ತು. ಅದು ಎಲ್ಲಿಂದ ಬರುತ್ತದೆ ಅಂತ ತಿರುಗಿ ನೋಡುವ ಅಭ್ಯಾಸ ಇರಲಿಲ್ಲ, ಅಷ್ಟೆ.

ಮಾತು ತೆಗೆದವಳು ಅತ್ತಿಗೆ. ಪಾತ್ರೆಯ ಕಪ್ಪನ್ನೇ ನೋಡುತ್ತಾ ಸಣ್ಣ ದನಿಯಲ್ಲಿ ಕೇಳಿದಳು. "ಇದನ್ನ ಸರಿಯಾಗಿ ಮಾಡೋದು ಹೇಗೆ?"

ತಮಾಷೆಗೆ ಕೇಳಿದಳೋ ಅಂತ ಮುಖ ನೋಡಿದೆ. ತಮಾಷೆ ಇರಲಿಲ್ಲ.

"ಕೈಗೆ ಎಣ್ಣೆ ಹಚ್ಕೊಳ್ಳಿ ಅತ್ತಿಗೆ. ಕಡ್ಡಿ, ಪೊರೆ ಎರಡೂ ತೆಗೀರಿ, ಸೋಮಾರಿತನ ಮಾಡ್ಬೇಡಿ. ಹೆಚ್ಚಿದ ತಕ್ಷಣ ಹುಳಿ ನೀರಿಗೆ. ಸೋಡಾ ಯಾರು ಹೇಳಿದ್ರೂ ಹಾಕ್ಬೇಡಿ. ಬೇಯಿಸಿ ಹಿಂಡಿ, ಈರುಳ್ಳಿ ಜೊತೆ ಹುರೀರಿ. ಅಷ್ಟೇ. ಅಣ್ಣನ್ನ ಎದುರಿಗೆ ಕೂರಿಸ್ಕೊಳ್ಳಿ, ಒಬ್ರೇ ಬಿಡಿಸೋ ತರಕಾರಿ ಅಲ್ಲ ಅದು."

ಅತ್ತಿಗೆ ಅಣ್ಣನ ಕಡೆ ನೋಡಿದಳು. ಬಹಳ ದಿನದ ಮೇಲೆ ನೋಡಿದ ಹಾಗಿತ್ತು.

ನಾವಿಬ್ಬರೂ ಮೆಟ್ಟಿಲು ಇಳಿದೆವು. ಕಟ್ಟಡದ ಮುಂದೆ ಮಧ್ಯಾಹ್ನದ ಬಿಸಿಲು ಚಚ್ಚುತ್ತಿತ್ತು. ಬೀದಿಯ ನಡುವೆ ಅವರು ನಿಂತು, ನಿಜವಾಗಿಯೂ ಹಟಕ್ಕಲ್ಲವಾ, ಅಂತ ಕೇಳಿದರು.

"ಹಟಕ್ಕೂ ಹೌದು," ಅಂದೆ. "ಪ್ರೀತಿಗೂ ಹೌದು. ನನಗೆ ಎರಡೂ ಬೇರೆ ಮಾಡೋಕೆ ಬರಲ್ಲ. ಸಾಕಾ, ಇನ್ನೂ ಬಿಡಿಸಿ ಹೇಳ್ಬೇಕಾ?"

"ಸಾಕು. ದಿನಾ ನಾನೇ ಮಾಡ್ತೀನಿ ಅಡುಗೆ."

"ದಿನಾ ಮಾಡಿದ್ರೆ ನಾನು ಸತ್ತೇ ಹೋಗ್ತೀನಿ. ನನಗೆ ಮನಸ್ಸು ಬಂದ ದಿನ ನಾನು, ನಿಮಗೆ ಮನಸ್ಸು ಬಂದ ದಿನ ನೀವು. ಇಬ್ರಿಗೂ ಮನಸ್ಸು ಬರ್ದಿದ್ರೆ ಹಸಿವು ಕಟ್ಕೊಂಡು ಜಗಳ ಆಡೋಣ."

ಅವರು ನಕ್ಕರು. ಬಿಸಿಲಿಗೆ ಕಾಲರು ಪೂರಾ ಮೆತ್ತಗಾಗಿತ್ತು. ನಾನು ಕೈ ಚಾಚಿದೆ. ಅವರು ಸುತ್ತ ನೋಡಿದರು. ಬಾಲ್ಕನಿಗಳಲ್ಲಿ ತಲೆಗಳು ಒಂದೊಂದೇ ಹೊರಗೆ ಬರುತ್ತಿದ್ದವು. ಆದರೂ ನನ್ನ ಕೈ ಹಿಡಿದರು, ಬೆರಳ ಸಂದಿಗೆ ಬೆರಳು ಹಾಕಿ.

ಎದುರು ಮನೆಯಾಕೆ ಒಣಹಾಕುತ್ತಿದ್ದ ಟವೆಲ್ಲನ್ನು ಕೈಯಲ್ಲೇ ಹಿಡಿದುಕೊಂಡು ಬಾಗಿದಳು. "ಯಾರಮ್ಮಾ ಅದು ನಿನ್ನ ಜೊತೆ?"

ತಲೆ ಎತ್ತಿ, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದೆ.

"ನನ್ನ ಗಂಡ ಆಗೋರು. ಚೆನ್ನಾಗಿ ನೋಡ್ಕೊಳ್ಳಿ, ಬಿಸಿಲು ಇನ್ನೂ ಇದೆ."